ಎರಡು ಫೈಲಿನಲ್ಲಿ ಒಂದೇ ಹೆಸರು

ಗೋದಾಮಿನ ಲೆಕ್ಕ ನೋಡಿಕೊಳ್ಳುವ ಸಾಫ್ಟ್‌ವೇರ್ ನಮ್ಮದು, ಸಿ ಪ್ಲಸ್ ಪ್ಲಸ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಬಿಲ್ಲಿಂಗ್ ಭಾಗ ನನ್ನದು, ಸ್ಟಾಕ್ ಭಾಗ ಸಹೋದ್ಯೋಗಿಯೊಬ್ಬರದು. ಒಮ್ಮೆ ಡೀಬಗ್ ಬಿಲ್ಡ್‌ನಲ್ಲಿ (ತಪ್ಪು ಹುಡುಕಲು ನಾವು ಬಳಸುವ ಆವೃತ್ತಿ) ಬಿಲ್ ತೆರೆದರೆ ಸಾಕು, ಪ್ರೋಗ್ರಾಂ ಕ್ರ್ಯಾಶ್ ಆಗುತ್ತಿತ್ತು. ಗ್ರಾಹಕರಿಗೆ ಕೊಡುವ ರಿಲೀಸ್ ಬಿಲ್ಡ್‌ನಲ್ಲಿ ಏನೂ ಇಲ್ಲ. ಮೂರು ದಿನ ನನ್ನ ಕೋಡನ್ನು ಸಾಲುಸಾಲಾಗಿ ಓದಿದೆ. ತಪ್ಪು ಸಿಗಲಿಲ್ಲ.

ಕೊನೆಗೆ ಮೆಮೊರಿ ತಪ್ಪುಗಳನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಎಂಬ ಸಾಧನ ಹಾಕಿ ಓಡಿಸಿದಾಗ ಗುಟ್ಟು ಹೊರಬಿತ್ತು. ನನ್ನ ಫೈಲಿನಲ್ಲಿ 'ಐಟಂ' ಎಂಬ ಸ್ಟ್ರಕ್ಟ್ (ಫೀಲ್ಡ್ ಎಂಬ ಮಾಹಿತಿಯ ತುಣುಕುಗಳ ಕಟ್ಟು) ಇತ್ತು. ಅದನ್ನು ಸೃಷ್ಟಿಸಿದಾಗ ಓಡುತ್ತಿದ್ದದ್ದು ಮಾತ್ರ ಸ್ಟಾಕ್ ಫೈಲಿನ ಕನ್‌ಸ್ಟ್ರಕ್ಟರ್, ಅಂದರೆ ಸ್ಟ್ರಕ್ಟ್ ಹುಟ್ಟುವಾಗ ಅದರ ಫೀಲ್ಡ್‌ಗಳನ್ನು ತುಂಬುವ ಕೋಡ್! ಅಲ್ಲೂ 'ಐಟಂ' ಎಂಬುದೇ ಹೆಸರು. ನನ್ನದರಲ್ಲಿ ಮೂರು ಫೀಲ್ಡ್, ಅವರದರಲ್ಲಿ ಐದು. ಮೂರಕ್ಕೆ ಹಿಡಿದಿಟ್ಟ ಜಾಗದಲ್ಲಿ ಐದನ್ನು ಬರೆಯಲು ಹೋಗಿ ಪಕ್ಕದ ಮೆಮೊರಿ ಹಾಳಾಗುತ್ತಿತ್ತು.

ನಾವು ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಒಂದೊಂದು ಸೋರ್ಸ್ ಫೈಲನ್ನೂ ಬೇರೆಬೇರೆಯಾಗಿ ನೋಡುತ್ತದೆ, ಆದ್ದರಿಂದ ಅದಕ್ಕೆ ಈ ಗೊಂದಲ ಕಾಣುವುದಿಲ್ಲ. ಸ್ಟ್ರಕ್ಟ್ ಒಳಗೇ ಬರೆದ ಕನ್‌ಸ್ಟ್ರಕ್ಟರ್ ತಾನಾಗಿಯೇ ಇನ್‌ಲೈನ್ (ಹಲವು ಫೈಲುಗಳಲ್ಲಿ ಇದ್ದರೂ ನಡೆಯುವಂಥದ್ದು) ಎನಿಸಿಕೊಳ್ಳುತ್ತದೆ. ಅಂಥದ್ದರ ಎರಡು ಪ್ರತಿ ಸಿಕ್ಕರೆ ಎರಡೂ ಒಂದೇ ಎಂದು ನಂಬಿ, ಕಂಪೈಲ್ ಆದ ಫೈಲುಗಳನ್ನು ಒಂದುಗೂಡಿಸುವ ಲಿಂಕರ್ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬಿಡುತ್ತದೆ. ಎರರ್ ಇಲ್ಲ, ವಾರ್ನಿಂಗೂ ಇಲ್ಲ. ಇಂಥ ತಪ್ಪನ್ನು ತಿಳಿಸಲೇಬೇಕೆಂದು ಭಾಷೆಯ ಸ್ಟ್ಯಾಂಡರ್ಡ್ ಕೂಡ ಹೇಳುವುದಿಲ್ಲ. ರಿಲೀಸ್‌ನಲ್ಲಿ, ಕೋಡನ್ನು ವೇಗಗೊಳಿಸುವ ಆಪ್ಟಿಮೈಸರ್ ಆಯಾ ಫೈಲಿನ ಕನ್‌ಸ್ಟ್ರಕ್ಟರನ್ನು ಅಲ್ಲಲ್ಲೇ ಸೇರಿಸಿಬಿಟ್ಟಿತ್ತು, ಹಾಗಾಗಿ ಗ್ರಾಹಕರ ಕಡೆ ತೊಂದರೆಯಾಗಿರಲಿಲ್ಲ. ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಪರಿಹಾರಕ್ಕೆ ಹತ್ತು ನಿಮಿಷ ಸಾಕಾಯಿತು. ಆ ಫೈಲಿಗಷ್ಟೇ ಬೇಕಾದ ಸ್ಟ್ರಕ್ಟ್‌ಗಳನ್ನು ಹೆಸರಿಲ್ಲದ ನೇಮ್‌ಸ್ಪೇಸ್ (ಹೆಸರುಗಳನ್ನು ಗುಂಪು ಮಾಡಿ ಬೇರೆಯಾಗಿಡುವ ಆವರಣ) ಒಳಗಿಟ್ಟೆ. ಆಗ ಅವು ಫೈಲಿನ ಹೊರಗೆ ಯಾರಿಗೂ ಕಾಣುವುದಿಲ್ಲ. ಹಂಚಿಕೊಳ್ಳುವಂಥವು ಬಿಲ್ಲಿಂಗ್, ಸ್ಟಾಕ್ ಎಂಬ ಎರಡು ನೇಮ್‌ಸ್ಪೇಸ್‌ಗಳಿಗೆ ಹೋದವು. ಒಂದೇ ಊರಿನಲ್ಲಿ ಇಬ್ಬರು ಮಂಜುನಾಥರಿದ್ದರೆ ನಾವು ಅಪ್ಪನ ಹೆಸರೋ ಮನೆತನದ ಹೆಸರೋ ಸೇರಿಸಿ ಕರೆಯುವುದಿಲ್ಲವೇ, ಹಾಗೆ. ಆದರೆ ಹೆಸರಿಲ್ಲದ ನೇಮ್‌ಸ್ಪೇಸನ್ನು ಹೆಡರ್ ಫೈಲಿನಲ್ಲಿ, ಅಂದರೆ ಹಲವು ಸೋರ್ಸ್ ಫೈಲುಗಳು ಸೇರಿಸಿಕೊಳ್ಳುವ ಫೈಲಿನಲ್ಲಿ, ಎಂದೂ ಇಡಬೇಡಿ. ಆ ಹೆಡರ್ ಸೇರಿಸಿಕೊಂಡ ಪ್ರತಿ ಫೈಲಿಗೂ ಬೇರೆಬೇರೆ ಪ್ರತಿ ಹುಟ್ಟಿಕೊಳ್ಳುತ್ತದೆ.

ಅದೇ ವಾರ ನಮ್ಮ ಒಂದು ಹಳೆಯ ಹೆಡರ್‌ನಲ್ಲಿದ್ದ 'ಯೂಸಿಂಗ್ ನೇಮ್‌ಸ್ಪೇಸ್ ಎಸ್‌ಟಿಡಿ' ಸಾಲನ್ನೂ ಕಿತ್ತೆವು. ಎಸ್‌ಟಿಡಿ ಎಂದರೆ ಭಾಷೆಯ ಜೊತೆಗೇ ಬರುವ ಲೈಬ್ರರಿಯ ನೇಮ್‌ಸ್ಪೇಸ್; ಆ ಸಾಲಿದ್ದರೆ ಅದರ ಹೆಸರುಗಳನ್ನು ಮುಂದೆ 'ಎಸ್‌ಟಿಡಿ' ಸೇರಿಸದೆಯೇ ಬರೆಯಬಹುದು. ಭಾಷೆಯ ಸಿ ಪ್ಲಸ್ ಪ್ಲಸ್ 17 ಆವೃತ್ತಿಗೆ ಬದಲಾಯಿಸಿದಾಗ ಆ ಸಾಲು ಆಗಲೇ ಒಮ್ಮೆ ಕಾಡಿತ್ತು: ಹೊಸದಾಗಿ ಬಂದ ಎಸ್‌ಟಿಡಿಯ 'ಬೈಟ್', ವಿಂಡೋಸ್ ಹೆಡರ್‌ನಲ್ಲಿ ಮೊದಲಿಂದಲೂ ಇದ್ದ 'ಬೈಟ್' ಎರಡೂ ಡಿಕ್ಕಿ ಹೊಡೆದು ಪರದೆ ತುಂಬ ಎರರ್. ಅಲ್ಲಿ ಕಂಪೈಲರ್ ಕೂಗಿ ಹೇಳಿತ್ತು, ಅದೇ ಪುಣ್ಯ.

ಪ್ರತಿ ಸಲ ಉದ್ದ ಹೆಸರು ಬರೆಯುವುದು ಬೇಸರ ಎಂದು ತಂಡದಲ್ಲಿ ಒಬ್ಬರು ಹೇಳಿದರು. ಮಾತು ನ್ಯಾಯವೇ. ಅದಕ್ಕೆ ಸೋರ್ಸ್ ಫೈಲಿನ ಫಂಕ್ಷನ್ ಒಳಗೆ ಮಾತ್ರ ಚಿಕ್ಕ ಅಡ್ಡಹೆಸರು ಕೊಟ್ಟುಕೊಳ್ಳುತ್ತೇವೆ. ಉದಾಹರಣೆಗೆ, ಎಸ್‌ಟಿಡಿಯ ಫೈಲ್‌ಸಿಸ್ಟಮ್ ಎಂಬ ನೇಮ್‌ಸ್ಪೇಸ್‌ಗೆ 'ಎಫ್‌ಎಸ್' ಎಂದು.