ರಾಜನ ಎಡಗಿವಿ

ಕಿವಿಗಳನ್ನು ಶಾಲೆಯ ಹಿಂದಿನ ಪಾಗಾರದ ಮೇಲೆ ಒಣಗೋಕೆ ಇಟ್ಟವಳು ನಾನೇ. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ತಮ್ಮನಿಗೆ ಅನುಮಾನ ಇತ್ತು ಅಂತ ಕಾಣುತ್ತೆ, ಆದರೆ ಅವನೂ ಕೇಳಲಿಲ್ಲ.

2023ರ ಬೇಸಿಗೆ ಅದು. ನಾನು ಶಿವಮೊಗ್ಗದ ಒಂದು ಶಾಲೆಯಲ್ಲಿ ಟೀಚರ್. ಏಪ್ರಿಲ್ ಮಧ್ಯಕ್ಕೆ ರಜೆ ಸಿಕ್ಕಿದ್ದೇ ಮಗನನ್ನು ಕರೆದುಕೊಂಡು ತವರಿಗೆ ಹೋದೆ. ನಮ್ಮೂರು ಸಾಗರದಿಂದ ಶರಾವತಿ ಹಿನ್ನೀರಿನ ದಡದ ಹೊಳೆಬಾಗಿಲಿಗೆ ಹೋಗುವ ದಾರಿಯಲ್ಲಿ, ಬಸ್ಸಿಳಿದು ಸ್ವಲ್ಪ ಒಳಗೆ ನಡೀಬೇಕು. ಅಡಿಕೆ ಕೊಯ್ದು, ಬೇಯಿಸಿ, ಒಣಗಿಸಿ ಆಗಿರುತ್ತೆ. ಮಳೆಗಾಲಕ್ಕೆ ಅಡಿಕೆ ಕೊನೆಗಳಿಗೆ ಕೊಟ್ಟೆ, ಅಂದರೆ ಮಳೆ ತಾಗದ ಹೊದಿಕೆ, ಕಟ್ಟುವ ಗಡಿಬಿಡಿ ಇನ್ನೂ ಶುರುವಾಗಿರಲ್ಲ. ಈ ನಡುವಿನ ಒಂದೂವರೆ ತಿಂಗಳಲ್ಲಿ ಊರವರಿಗೆ ಎರಡೇ ಕೆಲಸ. ಮದುವೆ ಮನೆ ಊಟ ಮತ್ತು ನಾಟಕ.

ಆ ವರ್ಷದ ನಾಟಕ ಕತ್ತೆ ಕಿವಿ ರಾಜನ ಕಥೆ. ಅಜ್ಜಿಯರು ಹೇಳುತ್ತಿದ್ದದ್ದೇ. ರಾಜನಿಗೆ ಕತ್ತೆ ಕಿವಿ, ಅದನ್ನು ಪೇಟದೊಳಗೆ ಮುಚ್ಚಿಟ್ಟುಕೊಂಡಿರುತ್ತಾನೆ. ಕೂದಲು ಕತ್ತರಿಸಲು ಬಂದ ಕ್ಷೌರಿಕನಿಗೆ ಗುಟ್ಟು ಗೊತ್ತಾಗುತ್ತೆ. ಬಾಯಿಬಿಟ್ಟರೆ ತಲೆ ಹೋಗುತ್ತೆ, ಬಿಡದಿದ್ದರೆ ಹೊಟ್ಟೆ ಉಬ್ಬುತ್ತೆ. ಕೊನೆಗೆ ಕಾಡಿಗೆ ಹೋಗಿ ಒಂದು ಮರಕ್ಕೆ ಹೇಳಿ ಬರುತ್ತಾನೆ. ಆ ಮರ ಕಡಿದು ಮಾಡಿದ ಮದ್ದಲೆ ತುಂಬಿದ ಸಭೆಯಲ್ಲಿ ಅದನ್ನೇ ನುಡಿಯುತ್ತೆ. ಮದ್ದಲೆಯೇ ಒಂದು ಪಾತ್ರ ಆದಮೇಲೆ ಹಾಡು ಬಿಟ್ಟು ಹೇಗೆ ಮಾಡೋದು? ಹದಿಮೂರು ಹಾಡು ಇಟ್ಟರು.

ನಿರ್ದೇಶಕ ನಮ್ಮ ಪಕ್ಕದೂರಿನ ಹುಡುಗ, ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂನಲ್ಲಿ ಒಂದು ವರ್ಷ ಕಲಿತು ಬಂದವನು. ನಮ್ಮ ಕಡೆ ಇದೊಂದು ಅನುಕೂಲ, ಇದೇ ಒಂದು ತಾಪತ್ರಯ. 1949ರಲ್ಲಿ ಶುರುವಾದ ನೀನಾಸಂ 1980ರಿಂದ ರಂಗ ಶಿಕ್ಷಣ ಕೇಂದ್ರ ನಡೆಸುತ್ತಿದೆ, 1985ರಿಂದ ಊರೂರಿಗೆ ನಾಟಕ ಒಯ್ಯುವ ತಿರುಗಾಟ ತಂಡ ಕಳಿಸುತ್ತಿದೆ. ಹಾಗಾಗಿ ಸುತ್ತಲಿನ ಹಳ್ಳಿಗಳಲ್ಲಿ ತೋಟದ ಕೆಲಸಕ್ಕೆ ಬರುವವರು ಕೂಡ ಶೇಕ್ಸ್‌ಪಿಯರ್ ನೋಡಿದ್ದಾರೆ. ಇಲ್ಲಿ ನಾಟಕ ಕಲಿತ ಹುಡುಗರು ಸುಲಭಕ್ಕೆ ಸಿಗುತ್ತಾರೆ. ಆದರೆ ಪ್ರೇಕ್ಷಕರನ್ನು ಏಮಾರಿಸೋದು ಕಷ್ಟ. ಚಹಾದಂಗಡಿಯಲ್ಲಿ ಕೂತವರು 'ಎರಡನೇ ದೃಶ್ಯದಲ್ಲಿ ಬ್ಲಾಕಿಂಗ್ ಸರಿ ಇರಲಿಲ್ಲ ಮಾರಾಯ' ಅಂತ ಹೇಳಿ ಬೀಡಿ ಹಚ್ಚುತ್ತಾರೆ.

ನಾನು ನಾಟಕ ನೋಡುವವಳು, ಮಾಡುವವಳಲ್ಲ. ಮಗನನ್ನು ರಿಹರ್ಸಲ್‌ಗೆ ಬಿಡಲು ಹೋಗಿದ್ದೆ. ಹಾಡುವ ಮೇಳಕ್ಕೆ ಹೆಂಗಸರು ಕಮ್ಮಿ ಅಂತ ತಮ್ಮ ಕೂರಿಸಿಬಿಟ್ಟ. "ನಂಗೆ ಹಾಡೋಕೆ ಬರಲ್ಲ ಕಣೋ" ಅಂದೆ. "ಹಾಡೋದು ಬೇಡ ಅಕ್ಕ, ಬಾಯಿ ಆಡಿಸು, ತಾಳ ಹಿಡ್ಕೋ" ಅಂದ.

ಹಾರ್ಮೋನಿಯಂ ಮೇಷ್ಟ್ರು ಮಾತ್ರ ಬಾಯಿ ಆಡಿಸಲು ಬಿಡಲಿಲ್ಲ. ಅವರಿಗೆ ಎಪ್ಪತ್ತು ದಾಟಿದೆ, ಬೆರಳು ಮಾತ್ರ ಇನ್ನೂ ಇಪ್ಪತ್ತರದ್ದು. ಮೊದಲ ದಿನವೇ ಶ್ರುತಿಗಾಗಿ ಜಗಳ ಆಯಿತು. ಹಾರ್ಮೋನಿಯಂ ಕೀಲಿ ಎಣಿಸಿ ಗಂಡಸರು ಕರಿ ಒಂದು ಅಂದರು, ಹೆಂಗಸರು ಕರಿ ಐದು. ಮೇಷ್ಟ್ರು ಇಬ್ಬರ ಮಾತೂ ಕೇಳದೆ ಬಿಳಿ ನಾಲ್ಕು ಒತ್ತಿ ಹಿಡಿದು "ಇದೇ" ಅಂದರು. ಗಂಡಸರಿಗೆ ಮೇಲೆ ಕೂಗಬೇಕು, ಹೆಂಗಸರಿಗೆ ಕೆಳಗೆ ಗೊಣಗಬೇಕು. ಹತ್ತು ದಿನ ಹೀಗೇ ಕೂಗಿ, ಗೊಣಗಿ, ಆಮೇಲೆ ಯಾವಾಗಲೋ ಒಂದಾಯಿತು. ಯಾವತ್ತು ಅಂತ ಗೊತ್ತಾಗಲಿಲ್ಲ.

ಬಿಡುವಾದಾಗ ಮೇಷ್ಟ್ರು ಕಂಪನಿ ನಾಟಕದ ಕಥೆ ಹೇಳುತ್ತಿದ್ದರು. ಸಾಗರದ ಮಾರಿಜಾತ್ರೆ ಮೂರು ವರ್ಷಕ್ಕೊಮ್ಮೆ ಆಗುತ್ತಲ್ಲ, ಆಗ ಡೇರೆ ಹೊಡೆಯುತ್ತಿದ್ದ ಕಂಪನಿಗಳನ್ನು ನೋಡಿಯೇ ಅವರು ಹಾರ್ಮೋನಿಯಂ ಹಿಡಿದದ್ದು. ಅವರು ಹೇಳಿದ ಒಂದು ವಿಷಯ ಆಗ ನನಗೆ ದೊಡ್ಡದು ಅನಿಸಿರಲಿಲ್ಲ. ಕಂಪನಿ ನಾಟಕದಲ್ಲಿ ದರ್ಬಾರ್ ಸೀನು ಕಟ್ಟಲು ಹೊತ್ತು ಬೇಕು. ಹಿಂದೆ ಸಿಂಹಾಸನ ಎಳೆಯುವಾಗ ಮುಂದೆ ರಸ್ತೆಯ ಪರದೆ ಇಳಿಸಿ, ಹಾಸ್ಯದವನನ್ನು ಬಿಟ್ಟು, ಎರಡು ಹಾಡು ಹೇಳಿಸುತ್ತಿದ್ದರು. ಜನ ಅದೇ ಹಾಡಿಗೆ ಒನ್ಸ್ ಮೋರ್ ಕೂಗುತ್ತಿದ್ದರು. "ಹಾಡು ಚಂದ ಅಂತ ಇಡೋದಲ್ಲ ಮಾರಾಯ್ತಿ, ಹಿಂದೆ ಕೆಲಸ ಇದೆ ಅಂತ ಇಡೋದು. ಚಂದ ಆಮೇಲೆ ಬರುತ್ತೆ." ಗುಬ್ಬಿ ಕಂಪನಿಯಲ್ಲಿ ಬೆಳೆದ ಬಿ.ವಿ. ಕಾರಂತರು ಮುಂದೆ ಆ ಹಾಡುಗಳನ್ನು ಆಧುನಿಕ ನಾಟಕಕ್ಕೆ ತಂದರಲ್ಲ, ಅವರಿಗೂ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು ಅನ್ನೋದು ಮೇಷ್ಟ್ರ ವಾದ.

ಮೇ 10ಕ್ಕೆ ವಿಧಾನಸಭೆ ಚುನಾವಣೆ. ಶಾಲೆಯೇ ಮತಗಟ್ಟೆ. ಎರಡು ದಿನ ರಿಹರ್ಸಲ್ ನಮ್ಮ ಅಡಿಕೆ ಅಂಗಳಕ್ಕೆ ಬಂತು. ಮೈಕಿನ ಪರವಾನಗಿಯ ರಗಳೆ ಬೇಡ ಅಂತ ನಾಟಕವನ್ನೂ ಮೇ 20ರ ಶನಿವಾರಕ್ಕೆ ತಳ್ಳಿದರು. ಆಗ ಎಲ್ಲರ ಕಣ್ಣು ಆಕಾಶದ ಮೇಲೆ.

ಈಗ ಕಿವಿಯ ವಿಷಯ. ಸಾಗರದಲ್ಲಿ ಬಾಡಿಗೆಗೆ ಕಿರೀಟ ಸಿಗುತ್ತೆ, ಗದೆ ಸಿಗುತ್ತೆ, ಹುಲಿ ಮುಖವೂ ಸಿಗುತ್ತೆ. ಕತ್ತೆ ಕಿವಿ ಸಿಗಲ್ಲ. ಚಿಕ್ಕಪ್ಪ ಅಡಿಕೆ ಹಾಳೆಯಲ್ಲಿ ಮಾಡಿಕೊಟ್ಟರು. ತೋಟದಿಂದ ಅಗಲವಾದ ಹಾಳೆ ಆರಿಸಿ, ನೀರಲ್ಲಿ ನೆನೆಹಾಕಿ, ಒಂದು ಮೊಳ ಉದ್ದಕ್ಕೆ ಎಲೆಯಾಕಾರದಲ್ಲಿ ಕತ್ತರಿಸಿದರು. ಬುಡ ಮಡಚಿ ದಬ್ಬಣದಿಂದ ಬಾಳೆ ನಾರು ಹಾಕಿ ಹೊಲಿದರು. ಹಾಳೆಯ ಒಳಮೈ ಇರುತ್ತಲ್ಲ, ಬಿಳಿ, ನುಣುಪು, ರೇಷ್ಮೆ ಹಾಗೆ. ಅದೇ ಕಿವಿಯ ಒಳಗಾಯಿತು. ಹೊರಗೆ ಅಡಿಕೆ ಬೇಯಿಸಿದ ಚೊಗರು ಬಳಿದರು. ಒಣಗಿದ ಮೇಲೆ ಭಾವ ತಲೆಗೆ ಕಟ್ಟಿಕೊಂಡು ಕನ್ನಡಿ ನೋಡಿದರು. ಅವರದ್ದು ಗೊಬ್ಬರದ ಅಂಗಡಿ, ನಾಟಕದಲ್ಲಿ ರಾಜ. "ಹೊಂದುತ್ತಲ್ಲೇ ನಂಗೆ" ಅಂದರು. ಅಕ್ಕ ಎಂತದೂ ಮಾತಾಡಲಿಲ್ಲ.

ಶುಕ್ರವಾರ ಸಂಜೆ ಗುಡುಗಿ ಮಳೆ ಬಂತು. ಗ್ರೀನ್‌ರೂಮ್ ಅಂತ ಮಾಡಿಕೊಂಡಿದ್ದ ತರಗತಿಯ ಹೆಂಚು ಸೋರಿ ಕಿವಿಗಳು ಮೆತ್ತಗಾದವು. ಶನಿವಾರ ಮಧ್ಯಾಹ್ನ ನೋಡಿದರೆ ಕತ್ತೆ ಹೋಗಿ ಜೋಲು ಕಿವಿಯ ನಾಯಿ ಆಗಿತ್ತು ಕಥೆ. ಬಿಸಿಲಿತ್ತು. ತಗೊಂಡು ಹೋಗಿ ಹಿಂದಿನ ಪಾಗಾರದ ಮೇಲೆ ಇಟ್ಟೆ. ಒಂದು ತಾಸು ಬಿಟ್ಟು ತರೋಣ ಅಂತ. ಅಷ್ಟರಲ್ಲಿ ಮಗನ ಮೇಕಪ್ಪು, ಯಾರದ್ದೋ ಸೀರೆಯ ಪಿನ್ನು, ಅವಲಕ್ಕಿ ಹಂಚೋದು. ಮರೆತೇಹೋಯಿತು.

ಏಳೂವರೆಗೆ ನಾಟಕ ಶುರು. ಮುನ್ನೂರು ಜನ ಇದ್ದಿರಬಹುದು. ಮುಂದೆ ಚಾಪೆ ಮೇಲೆ ಮಕ್ಕಳು, ಹಿಂದೆ ಬೈಕ್ ಮೇಲೆ ಕೂತ ಹುಡುಗರು. ದೂರದಲ್ಲಿ ಮಿಂಚುತ್ತಿತ್ತು. ಕ್ಷೌರಿಕನ ಪಾತ್ರ ನಮ್ಮೂರ ಲೈನ್‌ಮನ್‌ದು. "ಕರೆಂಟು ಹೋದರೆ ಇವನೇ ಸ್ಟೇಜ್ ಇಳಿದು ಕಂಬ ಹತ್ತಬೇಕು" ಅಂತ ಹಿಂದಿನಿಂದ ಯಾರೋ ಅಂದರು.

ಎರಡನೇ ದೃಶ್ಯಕ್ಕೆ ಮೊದಲು ಕ್ಷೌರಿಕ ಅರಮನೆಗೆ ಹೊರಡುವ ಹಾಡು. ಯಕ್ಷಗಾನದ ಹಾಗೆ ರಂಗಕ್ಕೆ ಒಂದು ಸುತ್ತು ಹಾಕಿದರೆ ಊರು ದಾಟಿದ ಲೆಕ್ಕ. "ಹೊರಟಾನೋ ಹೊರಟಾನೋ ಅರಮನೆಗೆ ಹೊರಟಾನೋ, ಕತ್ತರಿ ಕೈಯಲ್ಲಿ, ಅಳುಕು ಎದೆಯಲ್ಲಿ." ಎರಡು ಸಲ ಹೇಳಿ ಮುಗಿಸಬೇಕು. ಮುಗಿಸುವ ಹೊತ್ತಿಗೆ ನಿರ್ದೇಶಕ ಸೈಡ್ ವಿಂಗಿನಲ್ಲಿ ನಿಂತು ಬೆರಳನ್ನು ಗಾಳಿಯಲ್ಲಿ ಸುತ್ತಿಸುತ್ತಿದ್ದ. ಮುಂದುವರಿಸಿ ಅಂತ. ಮೇಷ್ಟ್ರು ಪಲ್ಲವಿಗೆ ವಾಪಸ್ ಬಂದರು. ತಮ್ಮ ಬಗ್ಗಿಕೊಂಡು ನನ್ನ ಹಿಂದೆ ಬಂದು ಕಿವಿಯಲ್ಲಿ ಹೇಳಿದ. "ಅಕ್ಕ, ರಾಜನ ಎಡಗಿವಿ ಇಲ್ಲ. ದನ ತಿಂದಿದೆ."

ನನ್ನ ತಾಳ ತಪ್ಪಿತು. ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಹಾಳೆ ಅಂದರೆ ನಮ್ಮ ಕಡೆ ದನಕ್ಕೆ ಹಾಕುವ ಮೇವೇ ಅಲ್ವಾ, ಅದರದ್ದೇನು ತಪ್ಪು. ಚೊಗರು ಬೇರೆ ಬಳಿದಿತ್ತು, ಎಲೆಅಡಿಕೆ ಕವಳ ಹಾಕಿದ ಹಾಗೆ ಅನಿಸಿತೋ ಏನೋ. ಬಲಗಿವಿ ಪಾಗಾರದ ಆಚೆ ಬಿದ್ದಿತ್ತಂತೆ, ಅದು ಉಳಿದಿತ್ತು.

ಚಿಕ್ಕಪ್ಪ ಟಾರ್ಚ್ ಹಿಡಿದು ತೋಟಕ್ಕೆ ಓಡಿದ್ದಾರೆ, ಹಾಳೆ ಹುಡುಕಲು. ನಾವು ಹಾಡುತ್ತಿದ್ದೇವೆ. ಮೂರು ಸಲ ಆಯಿತು, ನಾಲ್ಕು ಆಯಿತು. ಮೇಷ್ಟ್ರು ಹಾಡಿನ ಕಾಲ, ಅಂದರೆ ವೇಗ, ಇಳಿಸಿದರು. ಅದೇ ಸಾಲು ಅಳುವ ಹಾಡಿನ ಹಾಗೆ ಕೇಳತೊಡಗಿತು. ಲೈನ್‌ಮನ್ ಸುತ್ತು ಹಾಕಿ ಹಾಕಿ ಬೆವೆತಿದ್ದ. ಆರನೇ ಸುತ್ತಿಗೆ ಮೇಳದ ಮುಂದೆ ನಿಂತ. ಎಲ್ಲ ಬಿಟ್ಟು ನನ್ನನ್ನೇ ನೋಡಿ, "ಅಕ್ಕಾ, ಅರಮನೆಗೆ ದಾರಿ ಯಾವುದು?" ಅಂದ.

ಸ್ಕ್ರಿಪ್ಟಿನಲ್ಲಿ ಇದಿಲ್ಲ. ನನಗೆ ಒಂದು ಸಾಲು ಮಾತೂ ಇಲ್ಲ ನಾಟಕದಲ್ಲಿ. ಆದರೆ ಕಿವಿ ಇಟ್ಟವಳು ನಾನು. "ಸೀದಾ ಹೋಗು. ಹೊಳೆಬಾಗಿಲು ಸಿಗುತ್ತೆ. ಲಾಂಚ್ ಹತ್ತು" ಅಂದುಬಿಟ್ಟೆ.

ಜನ ಹೋ ಅಂದರು. ಈಗಿನ ಮಕ್ಕಳಿಗೆ ಹೇಳಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಗಿ ಶರಾವತಿ ಹಿನ್ನೀರು ನಿಂತಮೇಲೆ ಆಚೆ ದಡದ ತುಮರಿಯವರಿಗೆ, ಸಿಗಂದೂರಿಗೆ ಹೋಗುವವರಿಗೆ ಲಾಂಚೇ, ಅಂದರೆ ವಾಹನ ಸಮೇತ ದಾಟಿಸುವ ದೋಣಿಯೇ, ದಾರಿ ಆಗಿತ್ತು. ಮದುವೆ ದಿಬ್ಬಣವಿರಲಿ, ಬಸುರಿಯಿರಲಿ, ದಡದಲ್ಲಿ ಕಾಯಬೇಕಿತ್ತು. ಬೇಸಿಗೆಯಲ್ಲಿ ಪ್ರವಾಸಿಗರ ಕಾರಿನ ಸಾಲು ಬೇರೆ. ಅಲ್ಲಿ ಕೂತಿದ್ದ ಮುನ್ನೂರು ಜನರಲ್ಲಿ ಲಾಂಚಿಗೆ ಕಾಯದವರು ಯಾರೂ ಇರಲಿಲ್ಲ.

ಲೈನ್‌ಮನ್‌ಗೆ ಅಷ್ಟು ಸಾಕಾಯಿತು. ಪೆಟ್ಟಿಗೆ ಕೆಳಗಿಟ್ಟು ಅದರ ಮೇಲೆ ಕೂತ. "ಲಾಂಚ್ ಈಗಷ್ಟೇ ಹೋಯ್ತಲ್ಲ ಮಾರ್ರೆ!" ಅಂದ. ಮೇಳದ ಗಂಡಸರು ಬಾಯಲ್ಲೇ ಡುಬುಡುಬು ಇಂಜಿನ್ ಶುರು ಮಾಡಿದರು. ಮದ್ದಲೆಯವನು ಅದಕ್ಕೆ ನುಡಿಸಿದ. ಮೇಷ್ಟ್ರು ಬಿಳಿ ನಾಲ್ಕನ್ನು ಉದ್ದಕ್ಕೆ ಒತ್ತಿ ಹಿಡಿದು ಹಾರನ್ ಮಾಡಿದರು. ಮುಂದಿನ ಸಾಲಿನ ಅಜ್ಜಿ, "ಟಿಕೆಟ್ ತಗೊಂಡ್ಯನಾ?" ಅಂತ ಕೇಳಿದರು. "ರಾಜರ ಪಾಸ್ ಇದೆ ಅಜ್ಜಿ" ಅಂದ. "ಹಂಗಾದ್ರೆ ನೀನು ಕಾಯೋದೇ ಬೇಡ, ಶಾಸಕರ ಕಾರಿನ ಹಿಂದೆ ನುಗ್ಗು" ಅಂದಿತು ಹಿಂದಿನ ಬೈಕ್. ಚುನಾವಣೆ ಮುಗಿದು ಹತ್ತು ದಿನ ಆಗಿತ್ತಷ್ಟೇ. ನಗು ನಿಲ್ಲಲೇ ಇಲ್ಲ. ಮಗ ಇಲಿಯಂಥ ದನಿಯಲ್ಲಿ ಮೇಳದಿಂದಲೇ "ಕಡಲೇಕಾಯ್, ಕಡಲೇಕಾಯ್" ಅಂತ ಮಾರಲು ಶುರು ಮಾಡಿದ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಾನು ವಿಂಗಿನ ಸಂದಿಯಲ್ಲಿ ನೋಡುತ್ತಿದ್ದೆ. ಚಿಕ್ಕಪ್ಪ ಮಂಡಿ ಊರಿ ಕೂತಿದ್ದರು. ಹಿಂದಿನ ದಿನದ ಮಳೆಗೆ ನೆಂದ ಹಾಳೆ ಸಿಕ್ಕಿತ್ತು, ನೆನೆಹಾಕುವ ಹೊತ್ತು ಉಳಿಯಿತು. ಕತ್ತರಿ ಮಾತ್ರ ಕ್ಷೌರಿಕನ ಕೈಯಲ್ಲಿ ರಂಗದ ಮೇಲಿತ್ತು! ಕತ್ತಿಯಲ್ಲೇ ಕೊಯ್ದರು. ಭಾವ ತಲೆ ಬಗ್ಗಿಸಿ ನಿಂತಿದ್ದರು, ಅಕ್ಕ ಮೊಬೈಲ್ ಬೆಳಕು ಬಿಡುತ್ತಿದ್ದಳು. ದಬ್ಬಣ ಒಂದು ಸಲ ಚಿಕ್ಕಪ್ಪನ ಹೆಬ್ಬೆರಳಿಗೆ ಹೋಯಿತು, ಕೈ ಜಾಡಿಸಿದರು, ಮತ್ತೆ ಹೊಲಿದರು. ನಿರ್ದೇಶಕ ಹೆಬ್ಬೆರಳು ಎತ್ತಿ ತೋರಿಸಿದ. ಮೇಷ್ಟ್ರು ಕಾಲ ಏರಿಸಿದರು, "ಲಾಂಚ್ ಬಂತು!" ಅಂತ ಯಾರೋ ಕೂಗಿದರು, ಲೈನ್‌ಮನ್ ಹತ್ತಿದ. ಹನ್ನೊಂದು ನಿಮಿಷ ಆಗಿತ್ತು. ಯಾರದ್ದೋ ಮೊಬೈಲಿನ ವಿಡಿಯೋದಲ್ಲಿ ಆಮೇಲೆ ಎಣಿಸಿದ್ದು.

ಪೇಟ ತೆಗೆದಾಗ ಬಲಗಿವಿ ಕಂದು, ಎಡಗಿವಿ ಹಸಿ ಹಾಳೆಯ ಬಣ್ಣ. ಚಾಪೆಯ ಮೇಲಿನ ಒಂದು ಮಗು, "ಅಮ್ಮಾ, ಒಂದೇ ಕಿವಿ ಕತ್ತೇದು" ಅಂದಿತು. ಮಳೆ ಬರಲಿಲ್ಲ, ಕರೆಂಟೂ ಹೋಗಲಿಲ್ಲ. ಉಳಿದ ನಾಟಕ ಚೆನ್ನಾಗೇ ಆಯಿತು, ಅದರ ಬಗ್ಗೆ ಹೇಳುವಂಥದ್ದು ಏನಿಲ್ಲ.

ಮರುದಿನ ಚಹಾದಂಗಡಿಯಲ್ಲಿ ವಿಮರ್ಶೆ. ಎರಡು ಬಣ್ಣದ ಕಿವಿ ಯಾಕೆ ಅಂತ ಚರ್ಚೆ ನಡೆದಿತ್ತು. ಒಂದು ಕಿವಿ ಪ್ರಜೆಗಳ ಮಾತಿಗೆ, ಇನ್ನೊಂದು ಹೊಗಳುಭಟರ ಮಾತಿಗೆ ಅಂತ ಒಬ್ಬರು ಬಿಡಿಸಿ ಹೇಳಿದರು. ಯಾವ ಬಣ್ಣ ಯಾರಿಗೆ ಅನ್ನೋದರಲ್ಲಿ ಮಾತ್ರ ಒಮ್ಮತ ಆಗಲಿಲ್ಲ. ನಿರ್ದೇಶಕ ಹುಡುಗ ಪಕ್ಕದಲ್ಲೇ ಕೂತು ಬನ್ಸ್ ತಿನ್ನುತ್ತಾ ಗಂಭೀರವಾಗಿ ತಲೆ ಆಡಿಸುತ್ತಿದ್ದ. ಲಾಂಚ್ ಸೀನು ಒಂದು ಚೂರು ಉದ್ದ ಆಯ್ತು, ಆದರೆ ಅದೇ ಬೆಸ್ಟ್ ಅಂತ ತೀರ್ಮಾನವಾಯಿತು.

ಅದಾದ ಮೇಲೆ ಶಿವಮೊಗ್ಗದ ಕುವೆಂಪು ರಂಗಮಂದಿರದಲ್ಲಿ ನಾಟಕ ನೋಡುವಾಗೆಲ್ಲ, ಹಾಡು ಸ್ವಲ್ಪ ಎಳೆದರೆ ಸಾಕು, ನನ್ನ ಕಣ್ಣು ವಿಂಗಿನ ಕಡೆ ಹೋಗುತ್ತೆ. ಹಿಂದೆ ಎಂತದೋ ಹೊಲೀತಿದ್ದಾರೆ ಅನಿಸುತ್ತೆ.

2025ರ ಜುಲೈನಲ್ಲಿ ಹಿನ್ನೀರಿನ ಮೇಲೆ 2.4 ಕಿ.ಮೀ. ಉದ್ದದ ಸೇತುವೆ ಉದ್ಘಾಟನೆ ಆಯಿತು. ಅವತ್ತು ಸಂಜೆ ಭಾವ ಫೋನ್ ಮಾಡಿದರು. ಮುಂದಿನ ಬೇಸಿಗೆಗೆ ಅದೇ ನಾಟಕ ಮತ್ತೆ ಮಾಡಬೇಕು ಅಂತ ಊರಲ್ಲಿ ಮಾತಿದೆಯಂತೆ.

"ಆದರೆ ಈಗ ಸೇತುವೆ ಆಯ್ತಲ್ಲ ಮಾರಾಯ್ತಿ. ಎರಡು ನಿಮಿಷಕ್ಕೆ ಆಚೆ ದಡ. ಅರಮನೆಗೆ ತಡ ಆಗೋಕೆ ಎಂತ ನೆಪ ಹೇಳೋದು?"

"ಎರಡು ಜೊತೆ ಕಿವಿ ಮಾಡಿಸಿ ಭಾವ" ಅಂದೆ. ಆಮೇಲೆ ಪಾಗಾರದ ವಿಷಯವನ್ನೂ ಹೇಳಿದೆ.