ಹಳೆ ಡಿ7000, ಹದಿನೆಂಟು ಸಾವಿರದ ಲೆನ್ಸ್ ಲೆಕ್ಕ

ನಿಕಾನ್ ಡಿ7000 ತಗೊಂಡೆ. ಸೆಕೆಂಡ್ ಹ್ಯಾಂಡ್, ಬಾಡಿ ಮಾತ್ರ (ಅಂದರೆ ಲೆನ್ಸ್ ಇಲ್ಲದ ಕ್ಯಾಮೆರಾ), ಹದಿಮೂರು ಸಾವಿರ. 2010ರಲ್ಲಿ ಬಂದ ಕ್ಯಾಮೆರಾ, 16 ಮೆಗಾಪಿಕ್ಸೆಲ್. ಈಗಿನ ಮೊಬೈಲ್‌ಗಳ ಮುಂದೆ ಈ ಅಂಕಿ ಬಡವಾಗಿ ಕಾಣುತ್ತದೆ. ಹಾಗೆ ಕಾಣುವುದರಿಂದಲೇ ನನ್ನಂಥವನ ಕೈಗೆ ಸಿಕ್ಕಿತು ಅನ್ನಿ. ಶಟರ್, ಅಂದರೆ ಪ್ರತಿ ಫೋಟೋಕ್ಕೂ ತೆರೆದು ಮುಚ್ಚುವ ಪರದೆ, ನಲವತ್ತು ಸಾವಿರ ಚಿಲ್ಲರೆ ಸಲ ಓಡಿತ್ತು. ಕಂಪನಿಯವರು ಅದನ್ನು 1,50,000 ಸಲ ಓಡಿಸಿ ಪರೀಕ್ಷೆ ಮಾಡಿದ್ದಾರೆ. ಹಾಗಾಗಿ ಬಾಡಿ ಬಗ್ಗೆ ಚಿಂತೆ ಇರಲಿಲ್ಲ.

ನಮ್ಮ ವಿಜಯಪುರದ ಸ್ಟೇಷನ್ ರೋಡ್ ಕಡೆ ಒಬ್ಬ ಕಾಕಾ ಇದ್ದಾರೆ, ರೀಲ್ ಕಾಲದಿಂದ ಸ್ಟುಡಿಯೋ ನಡೆಸಿದವರು. ಅವರಿಗೆ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, "ಯಾಕೋ ತಮ್ಮಾ, ಮನಿ ಕಟ್ಟಿ ಬಾಗ್ಲಾ ಕೂಡ್ರಸೂದು ಮರ್ತೀ ಏನು?" ಅಂದರು. ಲೆನ್ಸ್‌ಗೆ ಹದಿನೆಂಟು ಸಾವಿರ ಬೇರೆ ಎತ್ತಿಟ್ಟಿದ್ದೇನೆ ಕಾಕಾ ಅಂದೆ. ನಾನು ತಿಕೋಟಾ ಕಡೆ ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ ಮಣೂಕದ (ಒಣದ್ರಾಕ್ಷಿಯ) ಬಾಕ್ಸ್‌ಗಳ ಲೆಕ್ಕ ಬರೆಯುವವನು. ಬಾಡಿಗಿಂತ ಲೆನ್ಸ್‌ಗೆ ಜಾಸ್ತಿ ಹೋಗುತ್ತದೆ ಅನ್ನುವುದನ್ನು ಮೊದಲೇ ಬರೆದಿಟ್ಟುಕೊಂಡಿದ್ದೆ.

ಡಿ7000ವನ್ನೇ ಆರಿಸಲು ಒಂದು ಕಾರಣ ಇದೆ. ಇದರ ಬಾಡಿಯೊಳಗೆ ಫೋಕಸ್ ಮೋಟರ್ ಇದೆ. ಲೆನ್ಸ್ ಕೂರುವ ಉಂಗುರದ ಅಂಚಿನಲ್ಲಿ ಸಣ್ಣ ಸ್ಕ್ರೂಡ್ರೈವರ್ ತುದಿಯಂಥದ್ದು ಕಾಣುತ್ತದೆ ನೋಡಿ, ಅದೇ. ಅದು ತಿರುಗಿ ಲೆನ್ಸ್‌ನ ಫೋಕಸ್ ತಿರುಗಿಸುತ್ತದೆ. ನಿಕಾನ್‌ನ ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಇದಿಲ್ಲ. ಅವುಗಳಿಗೆ ಒಳಗೇ ಮೋಟರ್ ಇರುವ ಎಎಫ್-ಎಸ್ ಲೆನ್ಸ್ ಬೇಕು (ಎಎಫ್ ಅಂದರೆ ಆಟೋಫೋಕಸ್). ಹಳೆಯ ಎಎಫ್, ಎಎಫ್-ಡಿ ಲೆನ್ಸ್ ಹಾಕಿದರೆ ಕೈಯಿಂದಲೇ ಫೋಕಸ್ ಮಾಡುತ್ತ ಕೂರಬೇಕು. ಆ ಸಣ್ಣ ಬಾಡಿಗಳನ್ನು ಇಟ್ಟುಕೊಂಡವರೇ ಜಾಸ್ತಿ. ಅವರಿಗೆ ಬೇಡವಾದ ಹಳೆ ಲೆನ್ಸ್‌ಗಳು ನಮ್ಮಂಥವರಿಗೆ ಅಗ್ಗಕ್ಕೆ ಉಳಿಯುತ್ತವೆ. ಬಾಡಿಗೆ ಎರಡು ಸಾವಿರ ಜಾಸ್ತಿ ಕೊಟ್ಟು ಮೋಟರ್ ಇರುವುದನ್ನು ತಗೊಂಡರೆ, ಆ ಎರಡು ಸಾವಿರ ಮೊದಲ ಲೆನ್ಸ್‌ನಲ್ಲೇ ವಾಪಸ್ ಬರುತ್ತದೆ.

ಹಳೆಯದೆಲ್ಲ ನಡೆಯುತ್ತದೆ ಅಂತಲ್ಲ. ನಿಕಾನ್‌ನ ಈ ಎಫ್ ಮೌಂಟ್, ಅಂದರೆ ಲೆನ್ಸ್ ಕೂರುವ ಉಂಗುರದ ಪದ್ಧತಿ, 1959ರದು. 1977ರಲ್ಲಿ, ಲೆನ್ಸ್ ಎಷ್ಟು ತೆರೆಯಲು ಇಟ್ಟಿದ್ದೇವೆ ಅನ್ನುವುದನ್ನು ಬಾಡಿಗೆ ತಿಳಿಸುವ ಎಐ ಅನ್ನುವ ಪದ್ಧತಿ ಬಂತು. ಅದಕ್ಕೂ ಮೊದಲಿನ, ಆಮೇಲೆ ತಿದ್ದಿಸದ ಲೆನ್ಸ್‌ಗಳನ್ನು ಡಿ7000ಕ್ಕೆ ಒತ್ತಿ ಕೂರಿಸಿದರೆ ಮೌಂಟ್ ಪಕ್ಕದ ಸಣ್ಣ ಕೊಂಡಿ ಮುರಿಯಬಹುದು. ಕಾಕಾ ಹತ್ತಿರ ಅಂಥದ್ದೊಂದು ಇದೆ. ಕೈಯಲ್ಲಿ ಹಿಡಿದರೆ ಕಬ್ಬಿಣದ ತೂಕ, ನೋಡಲು ಬಲು ಚಂದ. ಕಪಾಟಿನಲ್ಲೇ ಇರಲಿ ಅಂತ ಇಬ್ಬರೂ ಒಪ್ಪಿದೆವು.

ತೊಂದರೆ ಹೊಸ ಲೆನ್ಸ್‌ಗಳಲ್ಲೂ ಇದೆ, ಮತ್ತು ಅದು ಹೆಚ್ಚು ಜನರ ದುಡ್ಡು ತಿನ್ನುತ್ತದೆ. ಎಎಫ್-ಪಿ ಅಂತ ಹೆಸರಿರುವ ಲೆನ್ಸ್‌ಗಳು ಡಿ7000ದಲ್ಲಿ ಕೆಲಸ ಮಾಡುವುದಿಲ್ಲ. ದೂರದ್ದನ್ನು ತೆಗೆಯುವ ಎಎಫ್-ಪಿ 70-300 ಡಿಎಕ್ಸ್ ಹಗುರ, ಶಾರ್ಪ್, ಬೆಲೆಯೂ ಕಡಿಮೆ. ಮಾರುವವರು "ಎಲ್ಲಾ ನಿಕಾನ್‌ಗೂ ಆಗುತ್ತೆ ಸರ್" ಅನ್ನುತ್ತಾರೆ. ಕೂರುವುದೇನೋ ಕೂರುತ್ತದೆ, ಫೋಕಸ್ ಆಗುವುದಿಲ್ಲ.

ಯಾವ ಲೆನ್ಸ್ ಬೇಕು ಅನ್ನುವುದಕ್ಕೆ ನಾನು ಯಾರನ್ನೂ ಕೇಳಲಿಲ್ಲ. ತಮ್ಮನ ಗೆಳೆಯನ ಹತ್ತಿರ, ಕ್ಯಾಮೆರಾ ಜೊತೆಗೇ ಬರುವ 18-55 ಕಿಟ್ ಲೆನ್ಸ್ ಕೆಲವು ದಿನಕ್ಕೆ ಇಸ್ಕೊಂಡೆ. ಮನಸ್ಸಿಗೆ ಬಂದ ಹಾಗೆ ತೆಗೆದೆ. ಆಮೇಲೆ ಕಂಪ್ಯೂಟರ್‌ನಲ್ಲಿ ಪ್ರತಿ ಫೋಟೋದ ವಿವರ ತೆರೆದು, ಎಷ್ಟು ಎಂಎಂನಲ್ಲಿ ತೆಗೆದದ್ದು ಅಂತ ಸಾಲಾಗಿ ಬರೆದುಕೊಂಡೆ (ಈ ಅಂಕಿ ದೊಡ್ಡದಾದಷ್ಟು ದೂರದ್ದು ಹತ್ತಿರ ಕಾಣುತ್ತದೆ). ಲೆಕ್ಕದವನ ಚಟ, ಏನು ಮಾಡುವುದು. ನೋಡಿದರೆ 18ರ ಹತ್ತಿರದವು ತೀರಾ ಕಡಿಮೆ. 35ರ ಆಸುಪಾಸು ಒಂದು ರಾಶಿ. ಇನ್ನೊಂದು ರಾಶಿ 55ರ ಕೊನೆಗೆ ತಾಗಿಕೊಂಡಿತ್ತು, ಅಂದರೆ ಇನ್ನೂ ದೂರ ಹೋಗಬೇಕಿತ್ತು, ಲೆನ್ಸ್ ಬಿಡಲಿಲ್ಲ ಅಂತ ಅರ್ಥ. ಕಿಟ್ ಲೆನ್ಸ್ ಸಿಕ್ಕರೆ ದಯವಿಟ್ಟು ಇದೊಂದು ಕೆಲಸ ಮಾಡಿ. ಯೂಟ್ಯೂಬ್‌ನಲ್ಲಿ ಹತ್ತು ಜನ ಹತ್ತು ಹೇಳುತ್ತಾರೆ, ನಿಮ್ಮ ಕಣ್ಣು ಎಲ್ಲಿಗೆ ಹೋಗುತ್ತದೆ ಅನ್ನುವುದು ಅವರಿಗೆ ಹೇಗೆ ಗೊತ್ತು?

ಮೊದಲು ಬಂದದ್ದು ಎಎಫ್-ಎಸ್ ಡಿಎಕ್ಸ್ 35 ಎಂಎಂ, ಎಫ್ 1.8. ಏಳೂವರೆ ಸಾವಿರ. ಎಲ್ಲರೂ ಮೊದಲು 50 ತಗೋ ಅನ್ನುತ್ತಾರೆ. ಆ ಮಾತು ರೀಲ್ ಕಾಲದ್ದು. ನಮ್ಮ ಡಿಎಕ್ಸ್ ಸೆನ್ಸರ್ ಚಿಕ್ಕದು, ಎಲ್ಲ ಲೆನ್ಸ್ ಒಂದೂವರೆ ಪಟ್ಟು ಬಿಗಿಯಾಗಿ ಕಾಣುತ್ತದೆ. ಹಳಬರ 50ರ ನೋಟ ಇಲ್ಲಿ 35ಕ್ಕೆ ಸಿಗುತ್ತದೆ. ಎಂಟು ಅಡಿ ದೂರ ನಿಂತು ಕ್ಯಾಮೆರಾ ಅಡ್ಡ ಹಿಡಿದರೆ 35ರಲ್ಲಿ ಸುಮಾರು ಐದೂವರೆ ಅಡಿ ಅಗಲ ಬರುತ್ತದೆ. 50ರಲ್ಲಿ ಮೂರೂಮುಕ್ಕಾಲು ಅಡಿ ಅಷ್ಟೇ. ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವ, ಅವಳ ಮುಂದಿನ ರೊಟ್ಟಿ ಬುಟ್ಟಿ, ಪಕ್ಕದಲ್ಲಿ ಕೂತ ಮಗಳು, ಮೂರೂ ಒಂದೇ ಫೋಟೋದಲ್ಲಿ ಬರಬೇಕಾದರೆ 50 ಹಿಡಿದವನು ಗೋಡೆ ಒಡೆದು ಹಿಂದೆ ಹೋಗಬೇಕು.

ಎಫ್ 1.8 ಯಾಕೆ ಅಂದರೆ ಗೋದಾಮು. ಎಫ್ ಅಂಕಿ ಚಿಕ್ಕದಾದಷ್ಟು ಲೆನ್ಸ್ ಜಾಸ್ತಿ ತೆರೆಯುತ್ತದೆ. ಕೋಲ್ಡ್ ಸ್ಟೋರೇಜ್ ಒಳಗೆ ಟ್ಯೂಬ್‌ಲೈಟ್ ಬೆಳಕು, ಅದೂ ದೂರದೂರ. ಅಲ್ಲಿ ಹೆಣ್ಣುಮಕ್ಕಳು ಬಾಕ್ಸ್ ಜೋಡಿಸುತ್ತಾರೆ, ಕೈ ಒಂದು ಕ್ಷಣ ನಿಲ್ಲುವುದಿಲ್ಲ. ಕಿಟ್ ಲೆನ್ಸ್ 55ರಲ್ಲಿ ಎಫ್ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಐಎಸ್ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 3200 ಇಟ್ಟರೂ ಶಟರ್ ಸೆಕೆಂಡಿನ ಹದಿನೈದನೇ ಒಂದು ಭಾಗ. ಕೈಗಳೆಲ್ಲ ಕಲಸಿಹೋದವು. ಎಫ್ 1.8ರಲ್ಲಿ 5.6ರ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಅದೇ ಜಾಗ, ಅದೇ ಐಎಸ್ಒ, ಶಟರ್ ನೂರೈವತ್ತನೇ ಒಂದು ಭಾಗಕ್ಕೆ ಏರುತ್ತದೆ. ಆದರೆ ಪೂರ್ತಿ ತೆರೆದರೆ ಮುಖ ಸ್ಪಷ್ಟ ಬಂದರೆ ಕೈ ಮಸುಕು. ಹಾಗಾಗಿ ನಾನು 2.5ಕ್ಕೆ ಇಡುತ್ತೇನೆ. ಇನ್ನೊಂದು ಲಾಭ ಇದೆ: ಈ 35 ಒಂದಡಿ ಹತ್ತಿರದವರೆಗೂ ಫೋಕಸ್ ಮಾಡುತ್ತದೆ. ಅಂಗೈಯಲ್ಲಿ ಹಿಡಿದ ಮಣೂಕ ಚೆನ್ನಾಗಿ ಬರುತ್ತದೆ, ಮ್ಯಾಕ್ರೋ ಲೆನ್ಸ್ ಆಸೆ ಸದ್ಯಕ್ಕೆ ಅಡಗಿತು.

50 ಬೇಡ ಅಂದುಕೊಂಡಿದ್ದವನ ಹತ್ತಿರ 50 ಹೇಗೆ ಬಂತು ಅನ್ನುವುದು ಬೇರೆ ಕಥೆ. ಸೋಲಾಪುರದಲ್ಲಿ ಒಬ್ಬರು ಎಎಫ್ 50 ಎಂಎಂ ಎಫ್ 1.8 ಡಿ ಮಾರಲು ಇಟ್ಟಿದ್ದರು. "ಎರರ್ ಬರುತ್ತದೆ" ಅಂತ ಅವರೇ ಹೇಳಿದ್ದರು, ಮೂರೂವರೆ ಸಾವಿರ. ಬಾಡಿ ಹಿಡಿದುಕೊಂಡು ಬೆಳಗಿನ ಬಸ್ ಹತ್ತಿದೆ. ಹಾಕಿ ನೋಡಿದರೆ ಮೇಲಿನ ಪರದೆಯಲ್ಲಿ "ಎಫ್ಇಇ" ಅನ್ನುವ ಮೂರು ಅಕ್ಷರ ಮಿನುಗಿದವು. ಅದು ಕೆಟ್ಟದ್ದರ ಗುರುತು ಅಲ್ಲವೇ ಅಲ್ಲ. ಡಿ ಲೆನ್ಸ್‌ಗೆ ಅಪರ್ಚರ್ (ಬೆಳಕು ಬರುವ ಕಿಂಡಿ) ಬದಲಿಸುವ ಉಂಗುರ ಇರುತ್ತದೆ. ಅದನ್ನು ಕಿತ್ತಳೆ ಬಣ್ಣದ 22ಕ್ಕೆ ತಿರುಗಿಸಿ ಲಾಕ್ ಮಾಡಬೇಕು, ಆಮೇಲೆ ಅಪರ್ಚರ್ ಬಾಡಿಯಿಂದಲೇ ಬದಲಾಗುತ್ತದೆ. ತಿರುಗಿಸಿದೆ, ಸರಿಯಾಯಿತು. ಮಾರುವವರ ಕಣ್ಣೆದುರೇ ಸರಿ ಮಾಡಿದ್ದರಿಂದ ಬೆಲೆ ಅಲ್ಲೇ ಐನೂರು ಏರಿತು! ನಾಲ್ಕು ಸಾವಿರ ಕೊಟ್ಟು ಬಂದೆ. ಒಬ್ಬರ ಮುಖ ಮಾತ್ರ ತೆಗೆಯಬೇಕಾದಾಗ, ಹಿಂದಿನದೆಲ್ಲ ಕರಗಬೇಕಾದಾಗ, ಇದು 35ಕ್ಕಿಂತ ಚಂದ.

ಇನ್ನು ದೂರದ್ದು. ಭೂತನಾಳ ಕೆರೆಯ ಹಕ್ಕಿಗಳು, ಆಲಮಟ್ಟಿ ಹಿನ್ನೀರು, ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯ ಎತ್ತುಗಳು. ಎಲ್ಲರೂ ವಿಆರ್ ಇರುವುದನ್ನೇ ತಗೋ, ಇಲ್ಲದಿದ್ದರೆ ಕೈ ನಡುಕ ಬರುತ್ತದೆ ಅಂದರು. ವಿಜಯಪುರದ ಬಿಸಿಲು ನೋಡದವರ ಮಾತು ಅದು. ಸ್ವಚ್ಛ ಬಿಸಿಲಲ್ಲಿ ಐಎಸ್ಒ 400, ಎಫ್ 8 ಇಟ್ಟರೆ ಶಟರ್ 1/1600. ಡಿಎಕ್ಸ್‌ನಲ್ಲಿ 300 ಎಂಎಂ ಕೈಯಲ್ಲಿ ಹಿಡಿಯಲು 1/500 ಇದ್ದರೆ ನಡೆಯುತ್ತದೆ. ಮೂರು ಪಟ್ಟು ಜಾಸ್ತಿಯೇ ಇದೆ. ಹಾರುವ ಹಕ್ಕಿಯನ್ನು ವಿಆರ್ ನಿಲ್ಲಿಸುವುದೂ ಇಲ್ಲ, ಅದು ನಮ್ಮ ಕೈ ನಡುಕವನ್ನು ಮಾತ್ರ ತಡೆಯುತ್ತದೆ. ಅದಕ್ಕೇ ವಿಆರ್ ಇಲ್ಲದ, ಬಾಡಿ ಮೋಟರ್‌ನಿಂದ ಓಡುವ ಎಎಫ್ 70-300 ಜಿ ತಗೊಂಡೆ, ಮೂರು ಸಾವಿರದ ಎಂಟುನೂರು. 300ರಲ್ಲಿ ಸ್ವಲ್ಪ ಮೆತ್ತಗೆ, ಹೌದು. ಎಫ್ 8ಕ್ಕೆ ಇಳಿಸಿದರೆ ಸುಧಾರಿಸುತ್ತದೆ, ಆ ಬೆಳಕು ನಮ್ಮಲ್ಲಿ ಬೇಕಾದಷ್ಟಿದೆ. ಸಂಜೆ ಆರರ ಮೇಲೆ ಮಾತ್ರ ಸುಮ್ನೆ ಚೀಲಕ್ಕೆ ಹಾಕಿಬಿಡುವುದು. ಮಲೆನಾಡಿನವರು ಈ ಲೆಕ್ಕ ಅನುಸರಿಸಬೇಡಿ, ಅಲ್ಲಿನ ಮರದ ನೆರಳಲ್ಲಿ ಇದು ನಡೆಯುವುದಿಲ್ಲ.

"ಗೋಳಗುಮ್ಮಟ ಇರೋ ಊರಾಗ ಇದ್ದು ವೈಡ್ ಬ್ಯಾಡಂತೀಯಲ್ಲ" ಅಂತ ಕಾಕಾ ಬೈದರು. ವೈಡ್ ಅಂದರೆ ಅಗಲ ನೋಟದ ಲೆನ್ಸ್. ಹೊರಗಿನಿಂದ ತೆಗೆಯಲು ಹಿಂದೆ ಸರಿದರೆ ಆಯಿತು. ಒಳಗೆ ನಿಂತು ಕತ್ತೆತ್ತಿದರೆ ಕಥೆ ಬೇರೆ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್, ಪಿಸುಮಾತಿನ ಗ್ಯಾಲರಿ ನೆಲದಿಂದ ಸುಮಾರು 33 ಮೀಟರ್ ಮೇಲೆ. ಪೂರ್ತಿ ದುಂಡು ಬರಬೇಕಾದರೆ 18 ಕೂಡ ಸಾಲದು, 12ರ ಸುತ್ತಮುತ್ತ ಬೇಕು. ಟೋಕಿನಾ 11-16 ಎಫ್ 2.8ರ ಮೊದಲ ಆವೃತ್ತಿ ನಿಕಾನ್‌ನಲ್ಲಿ ಬಾಡಿ ಮೋಟರ್‌ನಿಂದಲೇ ಓಡುತ್ತದೆ, ನನಗೆ ಸರಿಹೊಂದುತ್ತದೆ. ಆದರೆ ನನ್ನ ಪಟ್ಟಿಯಲ್ಲಿ 18ರ ಫೋಟೋಗಳೇ ಬೆರಳೆಣಿಕೆ. ಇಡೀ ಊರಿನವರ ಹತ್ತಿರ ಇರುವ ಅದೇ ಫೋಟೋಕ್ಕೆ ಅಷ್ಟು ದುಡ್ಡು ಯಾಕೆ? ಅದಕ್ಕೆ ಮೊಬೈಲ್ ಸಾಕು. ನನಗೆ ಇಬ್ರಾಹಿಂ ರೋಜಾದ ಗೋಡೆಯ ಕಲ್ಲಕ್ಷರಗಳ ಮೇಲೆ ಜಾಸ್ತಿ ಪ್ರೀತಿ. ಅವಕ್ಕೆ 50 ಇದೆ.

ಕೊಳ್ಳುವಾಗ ನೋಡುವುದು ಇಷ್ಟೇ. ಮೊಬೈಲ್ ಟಾರ್ಚ್ ಹಿಂದಿನಿಂದ ಬಿಟ್ಟು ಮುಂದಿನಿಂದ ನೋಡಿ. ನಾಲ್ಕು ಧೂಳಿನ ಕಣ ಇದ್ದರೆ ಇರಲಿ, ಫೋಟೋದಲ್ಲಿ ಕಾಣುವುದಿಲ್ಲ. ಬಿಳಿ ಎಳೆಗಳು ಕವಲೊಡೆದು ಹಬ್ಬಿದ್ದರೆ ಫಂಗಸ್, ಎಷ್ಟು ಅಗ್ಗವಾದರೂ ಬೇಡ. ಮುಂಬೈ, ಗೋವಾ, ಮಂಗಳೂರು ಕಡೆಯಿಂದ ಬಂದದ್ದನ್ನು ಎರಡು ಸಲ ನೋಡಿ, ತೇವದ ಗಾಳಿಯಲ್ಲಿ ಅದು ಬೇಗ ಹಿಡಿಯುತ್ತದೆ. ನಮ್ಮ ಒಣಹವೆಯಲ್ಲಿ ಆ ಕಾಟ ಕಡಿಮೆ, ಬದಲಿಗೆ ಧೂಳು. ಆ ಧೂಳನ್ನು ಅಂಗಿ ಅಂಚಿನಿಂದ ಒರೆಸಿದ ಗೆರೆಗಳೇ ಇಲ್ಲಿನ ಲೆನ್ಸ್‌ಗಳ ದೊಡ್ಡ ರೋಗ. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಹೊಳೆಯುತ್ತಿದ್ದರೆ ಅದನ್ನೂ ಬಿಡಿ. ವಿಆರ್ ಲೆನ್ಸ್ ಅಲುಗಿಸಿದಾಗ ಒಳಗೆ ಸ್ವಲ್ಪ ಲಟಲಟ ಅಂದರೆ ಹೆದರಬೇಡಿ, ಅದು ಅದರ ಸ್ವಭಾವ. ಎಲ್ಲಕ್ಕಿಂತ ಮೊದಲು, ಬಾಡಿ ಜೊತೆಗೆ ಒಯ್ಯಿರಿ.

ಮೂರು ಲೆನ್ಸ್ ಸೇರಿ ಹದಿನೈದು ಸಾವಿರದ ಮುನ್ನೂರು. ಗಾಳಿ ಊದುವ ರಬ್ಬರ್ ಬಲ್ಬ್, ಒರೆಸುವ ಬಟ್ಟೆ, ಎರಡು ಹುಡ್, ಒಂಬೈನೂರು. ಉಳಿದ ಸಾವಿರದ ಎಂಟುನೂರರಲ್ಲಿ ಎರಡು ಎಸ್‌ಡಿ ಕಾರ್ಡ್ ಬಂದವು, ಡಿ7000ದಲ್ಲಿ ಎರಡಕ್ಕೂ ಜಾಗ ಇದೆ. ಈಗ ಕಾಕಾ ಫ್ಲ್ಯಾಶ್ ತಗೋ ಅಂತ ಗಂಟುಬಿದ್ದಿದ್ದಾರೆ. ಅದು ಮುಂದಿನ ದ್ರಾಕ್ಷಿ ಸೀಜನ್‌ನ ಖರ್ಚಿಗೆ.