ಕೌರವನಿಗೊಂದು ಸೈಕಲ್

ಹೈಸ್ಕೂಲಿನಲ್ಲಿ ಕಲಿತ ಬೀಜಗಣಿತದ ಒಂದು ಸೂತ್ರವೂ ಈಗ ನೆನಪಿಲ್ಲ. ಆದರೆ ‘ಕುರುಕ್ಷೇತ್ರ’ ನಾಟಕದ ಸಂಧಾನದ ಸೀನನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಅದೂ ಎರಡೂ ಕಡೆಯ ಮಾತು. ಕಾರಣ ನಮಗೆ ನಾಟಕ ಕಲಿಸಿದ ಹಾರ್ಮೋನಿಯಂ ಮೇಷ್ಟ್ರು. ನಾವಿಟ್ಟ ಹೆಸರು ಪೆಟ್ಟಿಗೆ ಮೇಷ್ಟ್ರು. ಕಳೆದ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಹೋದಾಗ ಹಳೇ ಹುಡುಗರೆಲ್ಲ ಸಿಕ್ಕಿದೆವು. ಯಾರೋ ಸೈಕಲ್ ವಿಷಯ ತೆಗೆದರು ನೋಡಿ, ಅಂಥ ಹೊತ್ತಿನಲ್ಲೂ ನಗು ತಡೆಯಲಾಗಲಿಲ್ಲ. ಇದನ್ನು ಶಾಲೆಯ ಸಂಚಿಕೆಗೆ ನಾನೇ ಬರೆಯಬೇಕು ಅಂತ ಎಲ್ಲರೂ ಹೇಳಿದರು. ನಮ್ಮ ಬ್ಯಾಚಿನಲ್ಲಿ ನೆಟ್ಟಗೆ ಬರೆಯೋದು ನಾನೊಬ್ಬನೇ, ಏನು ಮಾಡೋದು?

ಮೇಷ್ಟ್ರು ಗುಬ್ಬಿ ಕಡೆಯವರು. ಯಾವ ಮಾತು ತೆಗೆದರೂ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲೇ ಮುಗಿಸುತ್ತಿದ್ದರು. ತುಮಕೂರಿನಿಂದ ಬರೀ 20 ಕಿಲೋಮೀಟರ್ ದೂರದ ಊರಲ್ಲಿ 1884ರಲ್ಲಿ ಹುಟ್ಟಿದ ಕಂಪನಿ, ರಾಜ್‌ಕುಮಾರ್ ಪಾತ್ರ ಮಾಡಿದ ಕಂಪನಿ ಅಂತ ಹೇಳುವಾಗ ಅವರೇ ಅದರ ಮಾಲೀಕರೇನೋ ಅನ್ನಿಸುತ್ತಿತ್ತು. ರಂಗ ನಿರ್ದೇಶಕ ಬಿ.ವಿ. ಕಾರಂತರ ಕಥೆಯನ್ನಂತೂ ನಮ್ಮನ್ನು ಬೈಯೋಕೇ ಇಟ್ಟುಕೊಂಡಿದ್ದರು. “ಮನೆ ಬಿಟ್ಟು ಓಡ್‌ಬಂದ ಹುಡುಗನ್ನ ವೀರಣ್ಣೋರು ಕಾಶಿಗೆ ಕಳಿಸಿ ಎಂ.ಎ. ಓದಿಸಿದ್ರು ಕಣ್ರೋ. ನೀವು ಮನೇಲೇ ಇದ್ದು ಏಳರ ಮಗ್ಗಿ ಕಲೀಲಿಲ್ಲ.”

ಏಪ್ರಿಲ್‌ನಲ್ಲಿ ರಿಸಲ್ಟ್ ಬಂದ ಮಾರನೇ ದಿನದಿಂದ ಶಾಲೆಯ ಹಾಲ್‌ನಲ್ಲಿ ಅವರ ಬೇಸಿಗೆ ಶಿಬಿರ. ಹಾಡು, ಕೋಲಾಟ, ಮುಖವಾಡ, ನಮ್ಮ ಕಡೆಯ ಬಯಲಾಟ ಮೂಡಲಪಾಯದ ಕುಣಿತ, ಕೊನೆಗೊಂದು ನಾಟಕ. ಶನಿವಾರ ಕ್ಯಾತ್ಸಂದ್ರದ ತಟ್ಟೆ ಇಡ್ಲಿ. ಬಹಳ ಮಕ್ಕಳು ಶನಿವಾರಕ್ಕೇ ಬರುತ್ತಿದ್ದರು. ನಾನು ಹತ್ತನೇ ಕ್ಲಾಸಿಗೆ ಕಾಲಿಟ್ಟ ಬೇಸಿಗೆಯಲ್ಲಿ ಎದುರು ಬೀದಿಯಲ್ಲೇ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಶುರುವಾಯಿತು. ಪಕ್ಕದ ಮೈದಾನದಲ್ಲಿ ಕ್ರಿಕೆಟ್ ಕೋಚಿಂಗ್. ಕೋಲಾಟಕ್ಕೆ ಜೋಡಿ ಸಿಗದಷ್ಟು ಮಕ್ಕಳು ಖಾಲಿಯಾದರು. ಹೀಗೇ ಆದರೆ ಹಾಲನ್ನು ಸೀರೆ ಮಾರಾಟದವರಿಗೆ ಬಾಡಿಗೆಗೆ ಕೊಡುತ್ತೇವೆ ಅಂತ ಆಡಳಿತ ಮಂಡಳಿಯವರು ಹೇಳಿ ಕಳಿಸಿದರು.

ಮೇಷ್ಟ್ರು ಎರಡು ದಿನ ಪೆಟ್ಟಿಗೆ ಮುಟ್ಟಲಿಲ್ಲ. ಮೂರನೇ ದಿನ ಬಂದವರೇ, “ಗುಬ್ಬಿ ಕಂಪನಿಯೋರು ಕುರುಕ್ಷೇತ್ರಕ್ಕೆ ಆನೆ, ಕುದುರೆ ತಂದ್ರು. ನಾವು ಅಪ್ಪಂದಿರನ್ನ ತರಾಣ” ಅಂದರು.

ಹಳ್ಳಿ ನಾಟಕ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಪೌರಾಣಿಕ ನಾಟಕ ಆಡುವವರಿಗೆ ಯಾರೂ ದುಡ್ಡು ಕೊಡುವುದಿಲ್ಲ. ಅವರೇ ದುಡ್ಡು ಕೊಟ್ಟು ಪಾರ್ಟು ಹಿಡಿಯುತ್ತಾರೆ. ಕೃಷ್ಣ, ದುರ್ಯೋಧನ, ಕರ್ಣನಿಗೆ ಜಾಸ್ತಿ ರೇಟು. ಸಣ್ಣ ಪುಟ್ಟ ಪಾರ್ಟಿಗೆ ಕಡಿಮೆ. ಸೀನರಿ ಬಾಡಿಗೆ, ಮೇಕಪ್ಪು, ತಬಲದವರು, ಹೊರಗಿನಿಂದ ಬರುವ ಹೆಣ್ಣು ಪಾತ್ರದವರು, ಮೇಷ್ಟ್ರ ಸಂಭಾವನೆ ಎಲ್ಲ ಅದರಲ್ಲೇ ಆಗಬೇಕು. ನಮ್ಮ ಮೇಷ್ಟ್ರು ಇದಕ್ಕೆ ಒಂದೇ ಒಂದು ಷರತ್ತು ಸೇರಿಸಿದರು. ಮಗ ಅಥವಾ ಮಗಳು ಶಿಬಿರದಲ್ಲಿದ್ದರೆ ಮಾತ್ರ ಅಪ್ಪನಿಗೆ ಪಾರ್ಟು.

ಒಂದು ವಾರದಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ಬೆಂಚುಗಳು ಖಾಲಿ. ದುರ್ಯೋಧನನಿಗಾಗಿ ಮಂಡಿಪೇಟೆಯ ಕೊಬ್ಬರಿ ಸಾಹುಕಾರರಿಗೂ ಒಬ್ಬ ಕಂಟ್ರಾಕ್ಟರಿಗೂ ಜಗಳವೇ ಆಯಿತು. ಸಾಹುಕಾರರು ಗೆದ್ದರು. ಗದೆ ಭೀಮನ ಕೈಯಲ್ಲೂ ಇರುತ್ತೆ ಅಂತ ಮೇಷ್ಟ್ರು ಕಂಟ್ರಾಕ್ಟರನ್ನು ಸಮಾಧಾನ ಮಾಡಿದರು. ಕೃಷ್ಣನಾಗಿ ಬಸ್ ಕಂಡಕ್ಟರ್. ಧರ್ಮರಾಯ ಒಬ್ಬ ಹೆಡ್ ಕಾನ್‌ಸ್ಟೇಬಲ್. ಅಭಿಮನ್ಯು ನಾನೇ. ನಾನು ಸತ್ತಾಗ ಮುಂದಿನ ಸಾಲಿನ ಅಜ್ಜಿಯೊಬ್ಬರು ಬಿಕ್ಕಿ ಬಿಕ್ಕಿ ಅತ್ತರು ಅಂತ ಈಗಲೂ ಹೇಳುವವರಿದ್ದಾರೆ. ಜಾಸ್ತಿ ಹೇಳೋದು ನಾನು ಅನ್ನೋದು ಬೇರೆ ವಿಷಯ.

ಶಿಬಿರ ತಲೆಕೆಳಗಾಯಿತು. ಮಕ್ಕಳು ಕೂತು ಮಾತು ಹೇಳಿಕೊಡೋದು, ಅಪ್ಪಂದಿರು ಬಾಯಿಪಾಠ ಮಾಡೋದು. ತಪ್ಪಿದರೆ ಮತ್ತೆ ಮೊದಲಿನಿಂದ. ಆ ಬೇಸಿಗೆಯಷ್ಟು ಖುಷಿ ನಾವು ಯಾವತ್ತೂ ಪಟ್ಟಿಲ್ಲ. ಸಾಹುಕಾರರಿಗೆ ಕಂಠವಿತ್ತು, ಮೀಸೆಯಿತ್ತು, ನೆನಪಿನ ಶಕ್ತಿ ಮಾತ್ರ ಇರಲಿಲ್ಲ. ಹಾಗಾಗಿ ನಾಟಕದ ರಾತ್ರಿ ಅವರ ಮಗನನ್ನೇ ಪುಸ್ತಕ ಕೊಟ್ಟು ಸೈಡ್‌ವಿಂಗಿನಲ್ಲಿ ಕೂರಿಸಿದರು. ಅವನು ಒಂದು ವರ್ಷದಿಂದ ಸೈಕಲ್ ಕೇಳುತ್ತಿದ್ದ. “ಇವತ್ತು ಕೇಳೋ, ನಿಮ್ಮಪ್ಪ ಎಲ್ಲೂ ಓಡಿ ಹೋಗೋ ಹಾಗಿಲ್ಲ” ಅಂತ ಐಡಿಯಾ ಕೊಟ್ಟವನು ಈ ಲೇಖಕ.

ಸಂಧಾನದ ಸೀನು. ಕೃಷ್ಣ ಪಾಂಡವರಿಗೆ ಐದು ಗ್ರಾಮ ಕೇಳಿದ. ದುರ್ಯೋಧನ ಎದ್ದು ನಿಂತು ಮೀಸೆ ತಿರುವಿದ. ಮಾತು ಮರೆತುಹೋಯಿತು. ವಿಂಗಿನ ಕಡೆ ಕಿವಿ ಕೊಟ್ಟ. ಅಲ್ಲಿಂದ ಪಿಸುಮಾತು ಬಂತು: “ಸೈಕಲ್ ಕೊಡಿಸ್ತೀಯಾ?” ವಿಂಗಿನಿಂದ ಬಂದದ್ದನ್ನು ಹಾಗೇ ಒಪ್ಪಿಸೋದು ಸಾಹುಕಾರರಿಗೆ ರೂಢಿಯಾಗಿಬಿಟ್ಟಿತ್ತು. ಗದೆ ಎತ್ತಿ ಗುಡುಗಿದರು: “ಎಲೈ ಕೃಷ್ಣಾ, ಸೈಕಲ್ ಕೊಡಿಸ್ತೀಯಾ?”

ಕಂಡಕ್ಟರ್ ಕೃಷ್ಣ ಒಂದು ಕ್ಷಣವೂ ತಡವರಿಸಲಿಲ್ಲ. “ಕೌರವೇಶ್ವರಾ, ಮೊದಲು ಐದು ಗ್ರಾಮ ಕೊಡು. ಚಿಲ್ಲರೆ ಲೆಕ್ಕ ಇಳಿಯೋವಾಗ ನೋಡೋಣ.”

ಪೆಂಡಾಲೇ ಎದ್ದು “ಒನ್ಸ್ ಮೋರ್!” ಅಂತು. ಮೇಷ್ಟ್ರು ನಗುತ್ತಲೇ ಶ್ರುತಿ ಹಿಡಿದಿದ್ದರು. ಜನ ಬಿಡಲಿಲ್ಲ, ಸಾಹುಕಾರರು ಇನ್ನೊಂದು ಸಲ ಕೇಳಲೇಬೇಕಾಯಿತು. ಮಗನಿಗೊಂದು ಸೈಕಲ್ ಕೊಡಿಸಲಾರದ ಕೌರವ ಅಂತ ಮಂಡಿಯಲ್ಲಿ ಮಾತಾಗಬಾರದಲ್ವಾ? ಅದೇ ವಾರ ಹೊಸ ಸೈಕಲ್ ಬಂತು.

ಮಾರನೇ ದಿನ ಮೇಷ್ಟ್ರು ನಮ್ಮಿಬ್ಬರನ್ನೂ ಕರೆದರು. ಬೆನ್ನಿಗೆ ಬೀಳುತ್ತೆ ಅಂದುಕೊಂಡೆವು. “ಪ್ರಾಂಪ್ಟ್ ಮಾಡೋವಾಗ ಅಷ್ಟು ಗಂಟಲು ತೆಗೀಬಾರ್ದು ಕಣ್ರೋ. ತಬಲದೋನಿಗೂ ಕೇಳಿಸ್ತು” ಅಂದರು. ಅಷ್ಟೇ. ಸೀರೆ ಮಾರಾಟದವರು ಆ ವರ್ಷ ಬೇರೆ ಹಾಲ್ ಹುಡುಕಿಕೊಂಡರು. ಮುಂದಿನ ಬೇಸಿಗೆಗೆ ಸಂಕ್ರಾಂತಿಗೇ ಪಾರ್ಟುಗಳು ಬುಕ್ ಆದವು.

ಈಗಿನ ಬೇಸಿಗೆ ಶಿಬಿರ ನೋಡುತ್ತೇನೆ. ಹತ್ತು ದಿನ, ಟೀ ಶರ್ಟು, ಕೊನೆಗೆ ಸರ್ಟಿಫಿಕೇಟು. ಹೈಸ್ಕೂಲಿಗೆ ಬಂದರೆ ಅದೂ ಇಲ್ಲ, ಬೇಸಿಗೆಯಲ್ಲೂ ನೀಟ್ ಫೌಂಡೇಶನ್ ಅಂತೆ. ತಪ್ಪು ಅನ್ನಲ್ಲ, ನನ್ನ ಮಗಳನ್ನೂ ಕಳಿಸಿದ್ದೇನೆ. ಆದರೆ ಅಪ್ಪಂದಿರು ಮುಂದೆ ನಿಂತು ಮೊಬೈಲ್‌ನಲ್ಲಿ ವಿಡಿಯೋ ಮಾಡೋದು ಕಂಡಾಗ, ಇವರ ಕೈಗೆ ಒಂದು ಗದೆ ಕೊಟ್ಟು ನೋಡಬೇಕು ಅನ್ನಿಸುತ್ತದೆ.

ಅದಕ್ಕೇ ಈ ಬೇಸಿಗೆ ನಮ್ಮ ಬ್ಯಾಚಿನವರು ಅದೇ ಹಾಲ್‌ನಲ್ಲಿ ‘ಕುರುಕ್ಷೇತ್ರ’ ಆಡುತ್ತಿದ್ದೇವೆ. ಬಂದ ದುಡ್ಡು ಶಾಲೆಯ ಶಿಬಿರಕ್ಕೆ. ಷರತ್ತು ಹಳೆಯದೇ. ದುರ್ಯೋಧನ ಹೋಗಿದೆ, ಸೈಕಲ್ ಹುಡುಗನೇ ಹಿಡಿದಿದ್ದಾನೆ. ಅಭಿಮನ್ಯುವಿಗೆ ನನ್ನ ವಯಸ್ಸು ಜಾಸ್ತಿಯಾಯಿತು ಅಂತ ಕೆಲವರು ಗೊಣಗುತ್ತಿದ್ದಾರೆ, ಅದನ್ನು ಮಾತಾಡಿ ಬಗೆಹರಿಸಿಕೊಳ್ಳುತ್ತೇವೆ. ವಿದುರ ಖಾಲಿ ಇದೆ. ರೇಟೂ ಕಡಿಮೆ.